ಕುದುರೆ ರೇಸಿನ ‘ಸಾಫ್ಟ್‌ವೇರ್ ರೇಟಿಂಗ್’: ಅಂಕಿ ಹುಟ್ಟೋದು ಹೇಗೆ, ದುಡ್ಡು ಹೋಗೋದು ಎಲ್ಲಿ?

ಶನಿವಾರ, ಭಾನುವಾರ ಬಂತೆಂದರೆ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಮೊಬೈಲ್ ಹಿಡಿದು ಕೂತವರ ನಡುವೆ ಒಂದು ಮಾತು ಓಡಾಡುತ್ತದೆ. ‘ಮೂರನೇ ರೇಸಿಗೆ ನಾಲ್ಕನೇ ನಂಬರ್ ಕುದುರೆ. ಸಾಫ್ಟ್‌ವೇರ್ ರೇಟಿಂಗ್ 87 ಬಂದಿದೆ. ಗ್ಯಾರಂಟಿ.’ ಈ ಮಾತು ನಂಬಿ ಅಂಗಡಿ ಗಲ್ಲಾದಿಂದ 500 ತೆಗೆದವರು ಇದ್ದಾರೆ, 5,000 ತೆಗೆದವರೂ ಇದ್ದಾರೆ.

ಆದರೆ 87 ಅಂದ್ರೆ ಏನು? ನೂರಕ್ಕೆ 87 ಸಲ ಗೆಲ್ಲುತ್ತೆ ಅಂತಲೇ? ಆ ಅಂಕಿ ಕೊಟ್ಟವರು ಯಾರು, ಯಾವ ಲೆಕ್ಕದ ಮೇಲೆ? ಈ ಪ್ರಶ್ನೆ ಕೇಳುವವರು ಕಡಿಮೆ. ಲೆಕ್ಕದ ಒಳಗೆ ಇಣುಕಿ ನೋಡಿದರೆ ಅದು ಮಂತ್ರವೂ ಅಲ್ಲ, ಮೋಸವೂ ಅಲ್ಲ. ಕೂಡಿಸುವ ಕಳೆಯುವ ಲೆಕ್ಕ ಬರುವ ಯಾರಿಗಾದರೂ ಅರ್ಥವಾಗುತ್ತದೆ. ಅರ್ಥವಾದ ಮೇಲೆ ‘ಗ್ಯಾರಂಟಿ’ ಅನ್ನೋ ಪದಕ್ಕೆ ಎಷ್ಟು ಬೆಲೆ ಅನ್ನೋದೂ ಗೊತ್ತಾಗುತ್ತದೆ.

ಉದ್ರಿ ಪುಸ್ತಕದಲ್ಲೇ ಇದೆ ಈ ಲೆಕ್ಕ

ಕಿರಾಣಿ ಅಂಗಡಿಯವರು ದಿನಾ ಮಾಡುವ ಕೆಲಸವನ್ನೇ ನೋಡಿ. ಗಿರಾಕಿ ಬಂದು ‘ಅಣ್ಣ, ಎರಡು ಸಾವಿರದ ಸಾಮಾನು ಬರ್ಕೊಳ್ಳಿ’ ಅಂದಾಗ ಅಂಗಡಿಯವರ ತಲೆಯಲ್ಲಿ ನಾಲ್ಕು ವಿಷಯ ಓಡುತ್ತದೆ. ಹಿಂದಿನ ಉದ್ರಿ ಸರಿಯಾಗಿ ತೀರಿಸಿದ್ದಾರಾ? ಸಂಬಳದ ಕೆಲಸವಾ, ಕೂಲಿಯಾ? ರಾಗಿ, ಕೊಬ್ಬರಿ ಮಾರಿ ಹಣ ಬರುವ ಕಾಲವಾ? ಊರಲ್ಲೇ ಇರುವವರಾ, ಬಾಡಿಗೆಗೆ ಬಂದವರಾ? ಎಲ್ಲಕ್ಕೂ ಒಂದೇ ಬೆಲೆ ಕೊಡೋದಿಲ್ಲ. ಹಿಂದಿನ ಉದ್ರಿ ತೀರಿಸಿದ್ದಕ್ಕೆ ಹೆಚ್ಚು, ಉಳಿದದ್ದಕ್ಕೆ ಕಡಿಮೆ. ಕೊನೆಗೆ ಮನಸ್ಸಿನಲ್ಲಿ ಒಂದು ತೀರ್ಮಾನ.

ಕುದುರೆ ರೇಸಿನ ರೇಟಿಂಗ್ ಕೂಡ ಇದೇ. ಹಲವು ಅಂಶಗಳಿಗೆ ಅಂಕ ಕೊಡೋದು, ಯಾವ ಅಂಶಕ್ಕೆ ಎಷ್ಟು ಪಾಲು ಅಂತ ನಿಗದಿ ಮಾಡೋದು, ಕೂಡಿಸಿ ಒಂದೇ ಅಂಕಿ ತರೋದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದಕ್ಕೆಂದೇ ಸಾಫ್ಟ್‌ವೇರ್‌ಗಳು ಮಾರಾಟಕ್ಕಿವೆ. ಕಂಪನಿ ಕೊಟ್ಟ ರೇಟಿಂಗ್ ಬೇಡವಾದರೆ ಬಳಸುವವರೇ ಅಂಶಗಳನ್ನು ಆರಿಸಿ, ಪಾಲು ಹಾಕಿ, ತಮ್ಮದೇ ರೇಟಿಂಗ್ ಕಟ್ಟಿಕೊಳ್ಳಬಹುದು. ಎಕ್ಸೆಲ್ ಹಾಳೆಯಲ್ಲೂ ಆಗುವ ಕೆಲಸವೇ.

ಹಳೆಯ ವಿದ್ಯೆ, ಹೊಸ ಯಂತ್ರ

ತುಮಕೂರು ಜಿಲ್ಲೆಗೆ ಕುದುರೆ ಹೊಸದಲ್ಲ. ಕುಣಿಗಲ್ ಸ್ಟಡ್ ಫಾರ್ಮ್‌ನ ಇತಿಹಾಸ ಟಿಪ್ಪು ಕಾಲದವರೆಗೂ ಹೋಗುತ್ತದೆ. ಆಗ ಸೈನ್ಯಕ್ಕೆ ಕುದುರೆ ಬೇಕಿತ್ತು. ಈಚೆಗೆ ಅಲ್ಲಿ ಹುಟ್ಟಿದ ಕುದುರೆಗಳು ರೇಸ್‌ಕೋರ್ಸ್‌ಗಳಲ್ಲಿ ಓಡಿವೆ. ಕುದುರೆ ಸಾಕುವವರು ತಂದೆ ತಾಯಿ ಯಾರು, ಕಾಲು ಹೇಗಿದೆ, ಉಸಿರು ಹೇಗಿದೆ ಅಂತ ನೋಡಿ ಅಂದಾಜು ಕಟ್ಟುವುದೂ ಒಂದು ರೇಟಿಂಗೇ.

ಅಂಕಿಯ ರೂಪ ಬಂದದ್ದು ಬೇರೆ ಕಡೆ. ಅಮೆರಿಕದ ಪತ್ರಕರ್ತ ಆಂಡ್ರ್ಯೂ ಬೇಯರ್ 1975ರ ತಮ್ಮ ‘ಪಿಕಿಂಗ್ ವಿನ್ನರ್ಸ್’ ಪುಸ್ತಕದಲ್ಲಿ ವೇಗದ ಅಂಕಿ ಕಟ್ಟುವ ಕ್ರಮವನ್ನು ಜನಕ್ಕೆ ತಿಳಿಸಿದರು. ಟ್ರ್ಯಾಕ್ ಅವತ್ತು ಬಿರುಸಾಗಿತ್ತೋ, ಒದ್ದೆಯಾಗಿತ್ತೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಕುದುರೆಯ ಟೈಮನ್ನು ಸರಿಪಡಿಸುವ ಕ್ರಮ ಅದು. 1992ರಿಂದ ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆ ಬೇಯರ್ ಅಂಕಿಗಳನ್ನೇ ಅಚ್ಚು ಹಾಕತೊಡಗಿತು. ಆಮೇಲೆ ಏನಾಯ್ತು? ಎಲ್ಲರ ಕೈಗೂ ಅಂಕಿ ಸಿಕ್ಕಿತು, ಎಲ್ಲರೂ ಅದೇ ಕುದುರೆಗೆ ಕಟ್ಟಿದರು, ಸಿಗುವ ದುಡ್ಡು ಕಡಿಮೆಯಾಯ್ತು. ಈ ಪಾಠ ನೆನಪಿರಲಿ, ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಯಾವ ಅಂಶ ಬೇಕು?

ಸಾಮಾನ್ಯವಾಗಿ ನೋಡುವ ಅಂಶಗಳು ಇವು:

- ವೇಗ: ಹಿಂದಿನ ಓಟಗಳ ಟೈಮ್, ಟ್ರ್ಯಾಕ್ ಸ್ಥಿತಿಗೆ ಸರಿಪಡಿಸಿದ್ದು
- ಈಚಿನ ಓಟ: ಗೆದ್ದ ಕುದುರೆಗಿಂತ ಎಷ್ಟು ‘ಲೆಂತ್’ ಹಿಂದೆ ಬಿತ್ತು (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್)
- ಜಾಕಿ ಮತ್ತು ಟ್ರೇನರ್: ನೂರಕ್ಕೆ ಎಷ್ಟು ಗೆಲುವು
- ಹೊರುವ ತೂಕ: ಎಷ್ಟು ಕೆ.ಜಿ., ಕಳೆದ ಸಲಕ್ಕಿಂತ ಹೆಚ್ಚೋ ಕಡಿಮೆಯೋ
- ಡ್ರಾ: ಒಳಗಿನ ಗೇಟೋ, ಹೊರಗಿನದೋ
- ದೂರ: 1,200 ಮೀಟರ್ ಓಡುವ ಕುದುರೆ 2,000ಕ್ಕೆ ಹೊಂದುತ್ತದೆಯೇ
- ಬಿಡುವು: ಕೊನೆಯ ಓಟ ಆಗಿ ಎಷ್ಟು ದಿನ

ಇಲ್ಲಿ ಒಂದು ಸೂಕ್ಷ್ಮ ಇದೆ. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಒಳ್ಳೆಯ ಕುದುರೆಗೆ ಕ್ಲಬ್‌ನವರೇ ಹೆಚ್ಚು ತೂಕ ಹೊರಿಸುತ್ತಾರೆ, ಎಲ್ಲ ಕುದುರೆಗಳೂ ಸಮಸಮ ಬರಲಿ ಅಂತ. ಹಾಗಾಗಿ ಹೆಚ್ಚು ತೂಕ ಇರುವ ಕುದುರೆ ‘ಕೆಟ್ಟದ್ದು’ ಅಂತ ಕಣ್ಣುಮುಚ್ಚಿ ಅಂಕ ಕಡಿಮೆ ಮಾಡಿದರೆ, ಒಳ್ಳೆಯ ಕುದುರೆಗಳಿಗೇ ಏಟು ಕೊಟ್ಟಂತೆ. ತೂಕ ಮಾತ್ರ ನೋಡಿದರೆ ಅದು ಯಾಕೆ ಬಂತು ಅನ್ನೋದು ತಪ್ಪಿಹೋಗುತ್ತದೆ.

ಎರಡನೇ ಹೆಜ್ಜೆ: ಒಂದೇ ಅಳತೆಗೆ ತರೋದು

ಸೆಕೆಂಡು, ಲೆಂತ್, ಶೇಕಡಾ ಇವನ್ನು ಹಾಗೇ ಕೂಡಿಸಲು ಬರುವುದಿಲ್ಲ. ಲೀಟರ್ ಹಾಲಿಗೆ ಕೆ.ಜಿ. ಸಕ್ಕರೆ ಕೂಡಿಸಿದ ಹಾಗೆ. ಮೊದಲು ಎಲ್ಲವನ್ನೂ 0ಯಿಂದ 100ರ ಅಳತೆಗೆ ತರಬೇಕು. ಅತ್ಯುತ್ತಮಕ್ಕೆ 100, ಅತಿ ಕೆಟ್ಟದ್ದಕ್ಕೆ 0, ನಡುವಿನದಕ್ಕೆ ಅದರ ಜಾಗದ ಪ್ರಕಾರ.

ಕ, ಖ, ಗ, ಘ ಅಂತ ನಾಲ್ಕು ಕುದುರೆಗಳು, 1,400 ಮೀಟರ್ ಓಟ ಅಂದುಕೊಳ್ಳಿ. ಇದು ಉದಾಹರಣೆಗೆ ಕಟ್ಟಿದ ಲೆಕ್ಕ.

- ಕ: ಟೈಮ್ 86.0 ಸೆಕೆಂಡ್, ಸರಾಸರಿ 6 ಲೆಂತ್ ಹಿಂದೆ, ಜಾಕಿ ಗೆಲುವು ಶೇ. 8
- ಖ: ಟೈಮ್ 86.4 ಸೆಕೆಂಡ್, ಸರಾಸರಿ 2 ಲೆಂತ್ ಹಿಂದೆ, ಜಾಕಿ ಗೆಲುವು ಶೇ. 12
- ಗ: ಟೈಮ್ 86.8 ಸೆಕೆಂಡ್, ಸರಾಸರಿ 4 ಲೆಂತ್ ಹಿಂದೆ, ಜಾಕಿ ಗೆಲುವು ಶೇ. 18
- ಘ: ಟೈಮ್ 88.0 ಸೆಕೆಂಡ್, ಸರಾಸರಿ 10 ಲೆಂತ್ ಹಿಂದೆ, ಜಾಕಿ ಗೆಲುವು ಶೇ. 10

ಅಳತೆ ಬದಲಿಸಿದ ಮೇಲೆ ವೇಗಕ್ಕೆ ಕ 100, ಖ 80, ಗ 60, ಘ 0. ಈಚಿನ ಓಟಕ್ಕೆ ಕ 50, ಖ 100, ಗ 75, ಘ 0. ಜಾಕಿಗೆ ಕ 0, ಖ 40, ಗ 100, ಘ 20.

ಈಗ ಪಾಲು. ವೇಗಕ್ಕೆ 50, ಈಚಿನ ಓಟಕ್ಕೆ 30, ಜಾಕಿಗೆ 20 ಅಂತ ಹಾಕಿದರೆ ಒಟ್ಟು ರೇಟಿಂಗ್ ಹೀಗೆ: ಖ 78, ಗ 72.5, ಕ 65, ಘ 4. ಮೊದಲ ಸ್ಥಾನ ಖ ಕುದುರೆಗೆ.

ಪಾಲು ಬದಲಾದ್ರೆ ಕುದುರೆಯೂ ಬದಲು

ಇನ್ನೊಬ್ಬರು ಬಂದು ‘ವೇಗವೇ ಮುಖ್ಯ’ ಅಂತ ವೇಗಕ್ಕೆ 80, ಉಳಿದೆರಡಕ್ಕೆ 10, 10 ಹಾಕಿದರು ಅನ್ನಿ. ಆಗ ಕ 85, ಖ 78, ಗ 65.5. ಮೊದಲ ಸ್ಥಾನ ಕ ಕುದುರೆಗೆ ಹೋಯ್ತು. ಓಟ ಅದೇ, ಕುದುರೆ ಅವೇ, ಮಾಹಿತಿ ಅದೇ. ಬದಲಾಗಿದ್ದು ಪಾಲು ಹಾಕಿದವರ ಅಭಿಪ್ರಾಯ ಮಾತ್ರ.

‘ಕಂಪ್ಯೂಟರ್ ಹೇಳಿದೆ’ ಅನ್ನುವಾಗ ಇದನ್ನೇ ಮರೆಯೋದು. ಕಂಪ್ಯೂಟರ್ ಕೂಡಿಸಿದ್ದು ಮಾತ್ರ. 80 ಹಾಕಬೇಕೋ 50 ಹಾಕಬೇಕೋ ಅಂತ ಹೇಳಿದ್ದು ಮನುಷ್ಯ.

ಒಂದು ಕುದುರೆ ಹಿಂದೆ ಸರಿದ್ರೆ?

ರೇಸಿಗೆ ಮುಂಚೆ ಘ ಕುದುರೆಗೆ ಕಾಲು ನೋವು ಬಂದು ಹೆಸರು ಹಿಂತೆಗೆದರು ಅಂದುಕೊಳ್ಳಿ. ಅದು ಹೇಗೂ ಕೊನೆಯ ಕುದುರೆ. ಉಳಿದ ಮೂರರ ಬಲಾಬಲ ಬದಲಾಗಬಾರದು. ಆದರೆ 0–100 ಅಳತೆಯನ್ನು ಮೂರೇ ಕುದುರೆಗೆ ಮತ್ತೆ ಹಾಕಿದರೆ, ಮೊದಲಿನ 50, 30, 20 ಪಾಲಿನಲ್ಲೇ ಖ 63, ಕ 50, ಗ 35 ಬರುತ್ತದೆ. 72.5 ಇದ್ದ ಗ ಕುದುರೆ 35ಕ್ಕೆ ಬಿತ್ತು, ಎರಡನೇ ಸ್ಥಾನವೂ ಹೋಯ್ತು. ಅದು ಏನು ತಪ್ಪು ಮಾಡಿತ್ತು? ಏನೂ ಇಲ್ಲ. ಅಳತೆಗೋಲೇ ಕುಗ್ಗಿಹೋಯ್ತು.

ಅದಕ್ಕೇ ಅನುಭವಸ್ಥರು ಅತ್ಯುತ್ತಮ, ಅತಿಕೆಟ್ಟ ಎಂಬ ಎರಡು ತುದಿಗೆ ಅಳತೆ ಕಟ್ಟೋದಿಲ್ಲ. ಆ ದೂರದ ಸಾವಿರಾರು ಓಟಗಳ ಸರಾಸರಿ ಟೈಮ್ ಏನು, ಕುದುರೆಗಳು ಆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತವೆ ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುತ್ತಾರೆ. ಪ್ರತಿ ಕುದುರೆಯನ್ನೂ ಆ ಗಟ್ಟಿ ಅಳತೆಗೋಲಿನಿಂದ ಅಳೆಯುತ್ತಾರೆ. ಪಕ್ಕದ ಕುದುರೆ ಬಂದರೂ ಹೋದರೂ ಅಂಕ ಅಲುಗಾಡುವುದಿಲ್ಲ.

ಖಾಲಿ ಮನೆ, ಎರಡೆರಡು ಸಲ ಎಣಿಕೆ

ಮೊದಲ ಸಲ ಓಡುವ ಕುದುರೆಗೆ ಹಿಂದಿನ ಟೈಮ್ ಇರುವುದಿಲ್ಲ. ಆ ಮನೆ ಖಾಲಿ. ಸಾಫ್ಟ್‌ವೇರ್ ಅಲ್ಲಿ 0 ಅಂತ ತುಂಬಿಕೊಂಡರೆ ಕುದುರೆ ‘ಕೆಟ್ಟದ್ದು’ ಅಂತಾಗುತ್ತದೆ. ‘ಗೊತ್ತಿಲ್ಲ’ ಬೇರೆ, ‘ಸೊನ್ನೆ’ ಬೇರೆ. ಹೊಸದಾಗಿ ಊರಿಗೆ ಬಂದ ಗಿರಾಕಿಯನ್ನು ಸಾಲ ತೀರಿಸದವರ ಪಟ್ಟಿಗೆ ಸೇರಿಸಿದ ಹಾಗೆ ಅದು. ಅಂಥಲ್ಲಿ ಸರಾಸರಿ ಅಂಕ ಕೊಡಬೇಕು, ಅಥವಾ ಆ ರೇಸನ್ನೇ ಬಿಡಬೇಕು.

ಇನ್ನೊಂದು ತಪ್ಪು, ಒಂದೇ ಮಾತನ್ನು ಎರಡು ಸಲ ಎಣಿಸೋದು. ದೊಡ್ಡ ಟ್ರೇನರ್ ಹತ್ತಿರ ದೊಡ್ಡ ಜಾಕಿ ಇರುತ್ತಾರೆ, ಒಳ್ಳೆ ಕುದುರೆಯೂ ಇರುತ್ತದೆ. ಟ್ರೇನರ್‌ಗೆ 20, ಜಾಕಿಗೆ 20 ಅಂತ ಕೊಟ್ಟರೆ ನಿಜವಾಗಿ ಒಂದೇ ವಿಷಯಕ್ಕೆ 40 ಕೊಟ್ಟಂತಾಯ್ತು. ಜಾಕಿಯ ಅಂಕಿಯಲ್ಲೂ ಎಚ್ಚರ ಬೇಕು. ಐದು ರೇಸಿನಲ್ಲಿ ಎರಡು ಗೆದ್ದ ಹುಡುಗನಿಗೆ ಶೇ. 40, ಐನೂರರಲ್ಲಿ ನೂರು ಗೆದ್ದವರಿಗೆ ಶೇ. 20. ಯಾರನ್ನು ನಂಬೋದು? ಐದು ರೇಸಿನ ಶೇಕಡಾ ಗಾಳಿಗೆ ಹಾರುವ ಲೆಕ್ಕ.

ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ

ರೇಟಿಂಗ್ ಕಟ್ಟುವವರು ಬೀಳುವ ದೊಡ್ಡ ಹಳ್ಳ ಇದು. ಹಿಂದಿನ ಎರಡು ವರ್ಷದ ರೇಸ್ ಮುಂದಿಟ್ಟುಕೊಂಡು, ಪಾಲನ್ನು ಆಚೆ ಈಚೆ ಎಳೆದು, ಕೊನೆಗೆ ‘ಹಿಂದಿನ ಲೆಕ್ಕದಲ್ಲಿ ಭಾರಿ ಲಾಭ’ ಅನ್ನುವಲ್ಲಿಗೆ ತಂದು ನಿಲ್ಲಿಸಬಹುದು. ಎಳೆಯುತ್ತಾ ಹೋದರೆ ಎಂಥ ಹಳೇ ಫಲಿತಾಂಶಕ್ಕಾದರೂ ಹೊಂದುವ ಸೂತ್ರ ಸಿಗುತ್ತದೆ. ‘ಮಂಗಳವಾರ, ಒದ್ದೆ ಟ್ರ್ಯಾಕ್, ಆರನೇ ಗೇಟ್’ ಅನ್ನುವಂಥ ಸೂತ್ರವೂ ಗೆದ್ದಿರಬಹುದು. ಅದು ವಿದ್ಯೆ ಅಲ್ಲ, ಬಾಯಿಪಾಠ. ಹಳೇ ಪ್ರಶ್ನೆಪತ್ರಿಕೆ ಉರು ಹೊಡೆದ ಹುಡುಗ ಅದೇ ಪತ್ರಿಕೆಗೆ ನೂರಕ್ಕೆ ನೂರು ತೆಗೆಯುತ್ತಾನೆ, ಹೊಸದು ಕೊಟ್ಟರೆ ಬೆವರುತ್ತಾನೆ.

ಸರಿಯಾದ ಕ್ರಮ ಬೇರೆ. ಮೊದಲ ಎರಡು ವರ್ಷದ ರೇಸ್‌ಗಳಲ್ಲಿ ಪಾಲು ನಿಗದಿ ಮಾಡಬೇಕು. ಮೂರನೇ ವರ್ಷದ ರೇಸ್‌ಗಳನ್ನು ಅಲ್ಲಿಯವರೆಗೂ ಮುಟ್ಟಬಾರದು. ಆಮೇಲೆ ಒಂದೇ ಸಲ, ಪಾಲು ಬದಲಿಸದೆ, ಅದರ ಮೇಲೆ ಪರೀಕ್ಷೆ. ಅಲ್ಲಿ ಸೋತರೆ ಸೋತಂತೆಯೇ. ರೇಸ್ ಮುಗಿದ ಮೇಲೆ ಮಾತ್ರ ಗೊತ್ತಾಗುವ ಮಾಹಿತಿ ಲೆಕ್ಕದೊಳಗೆ ಸೇರಿಕೊಂಡರೂ ಪರೀಕ್ಷೆ ಸುಳ್ಳಾಗುತ್ತದೆ. ಜಾಕಿಯ ಇಡೀ ವರ್ಷದ ಗೆಲುವಿನ ಶೇಕಡಾವನ್ನು ಜನವರಿಯ ರೇಸಿಗೆ ಹಾಕಿದರೆ ಡಿಸೆಂಬರಿನ ಸುದ್ದಿ ಜನವರಿಗೆ ಕೊಟ್ಟಂತೆ.

ರೇಟಿಂಗ್ ಬೇರೆ, ಲಾಭ ಬೇರೆ

ಈಗ ಅಸಲಿ ವಿಷಯ. ಪರೀಕ್ಷೆಯ 100 ರೇಸಿನಲ್ಲಿ ನಿಮ್ಮ ರೇಟಿಂಗ್‌ನ ಮೊದಲ ಕುದುರೆ 28 ಸಲ ಗೆದ್ದಿತು ಅನ್ನಿ. ರೇಟಿಂಗ್ 78 ಇರಲಿ 87 ಇರಲಿ, ನಿಜವಾದ ಗೆಲುವಿನ ಸಾಧ್ಯತೆ ಶೇ. 28ರ ಆಸುಪಾಸು ಮಾತ್ರ. ಬಹಳ ದೇಶಗಳಲ್ಲಿ ಜನ ಹೆಚ್ಚು ಹಣ ಕಟ್ಟುವ ‘ಫೇವರಿಟ್’ ಕುದುರೆಯೇ ಸುಮಾರು ಮೂರರಲ್ಲಿ ಒಂದು ರೇಸ್ ಗೆಲ್ಲುತ್ತದೆ. ಅಂದ್ರೆ ‘ನಮ್ಮ ಟಿಪ್ ಶೇ. 30 ಸರಿ’ ಅನ್ನೋರು ಹೇಳುತ್ತಿರುವುದು ರೇಸ್‌ಕೋರ್ಸ್‌ನ ಬೋರ್ಡ್ ಪುಕ್ಕಟೆ ಹೇಳುವುದನ್ನೇ.

100 ರೂಪಾಯಿಯಂತೆ 100 ರೇಸಿಗೆ 10,000 ಕಟ್ಟಿದರು ಅಂದುಕೊಳ್ಳಿ. ಗೆದ್ದಾಗ ಸರಾಸರಿ 300 ಸಿಕ್ಕರೆ 28 ಸಲಕ್ಕೆ 8,400. ನಷ್ಟ 1,600. ಸರಾಸರಿ 400 ಸಿಕ್ಕರೆ 11,200. ಲಾಭ 1,200. ಗೆಲುವು ಎರಡೂ ಕಡೆ 28. ವ್ಯತ್ಯಾಸ ಮಾಡಿದ್ದು ಸಿಗುವ ಬೆಲೆ. ಅದಕ್ಕೇ ಬೇಯರ್ ಅಂಕಿಯ ಪಾಠ: ಎಲ್ಲರಿಗೂ ಗೊತ್ತಿರುವ ಒಳ್ಳೆ ಕುದುರೆಯಲ್ಲಿ ದುಡ್ಡಿಲ್ಲ. ಜನ ಕಡಿಮೆ ಅಂದಾಜು ಮಾಡಿದ ಕುದುರೆ ಸಿಕ್ಕಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಈ 100 ರೇಸಿನ ನಡುವೆ ಸತತ 10 ಸೋಲು ಒಮ್ಮೆ ಬಂದರೂ ಅಚ್ಚರಿ ಇಲ್ಲ. ಶೇ. 28ರ ಲೆಕ್ಕದಲ್ಲಿ ಅದು ಮಾಮೂಲು. ಕಳೆದದ್ದು ತೆಗೆಯೋಣ ಅಂತ ಹನ್ನೊಂದನೆಯದಕ್ಕೆ ದುಪ್ಪಟ್ಟು ಕಟ್ಟುವವರು ಮುಳುಗೋದು ಅಲ್ಲೇ.

ಹಾಂಗ್‌ಕಾಂಗ್‌ನಲ್ಲಿ ಗೆದ್ದವರು ಏನು ಮಾಡಿದರು?

ಲೆಕ್ಕದಿಂದಲೇ ದೊಡ್ಡ ಹಣ ಮಾಡಿದ ಹೆಸರು ಬಿಲ್ ಬೆಂಟರ್. ಲಾಸ್ ವೇಗಸ್‌ನಲ್ಲಿ ಇಸ್ಪೀಟ್ ಎಲೆ ಎಣಿಸಿ ಆಡುತ್ತಿದ್ದ ಈ ಅಮೆರಿಕದವರು, ಆಸ್ಟ್ರೇಲಿಯಾದ ಅಲನ್ ವುಡ್ಸ್ ಜತೆ 1980ರ ದಶಕದ ನಡುವೆ ಹಾಂಗ್‌ಕಾಂಗ್‌ಗೆ ಹೋದರು. ಶುರುವಿನಲ್ಲಿ ತಂದ ಹಣದ ಬಹುಪಾಲು ಕಳೆದುಕೊಂಡರು.

ಆ ಜಾಗಕ್ಕೆ ಒಂದು ಅನುಕೂಲ ಇತ್ತು. ಸುಮಾರು ಸಾವಿರ ಕುದುರೆಗಳು, ಹ್ಯಾಪಿ ವ್ಯಾಲಿ ಮತ್ತು ಶಾ ಟಿನ್ ಎಂಬ ಎರಡೇ ಟ್ರ್ಯಾಕ್, ಅವೇ ಜಾಕಿಗಳು. ಮಾಹಿತಿ ಅಚ್ಚುಕಟ್ಟು. ಅಂಶಗಳ ಪಾಲನ್ನು ಬೆಂಟರ್ ಮನಸ್ಸಿಗೆ ಬಂದಂತೆ ಹಾಕಲಿಲ್ಲ. ಯಾವ ಪಾಲು ಹಾಕಿದರೆ ಹಿಂದಿನ ನೂರಾರು ರೇಸ್‌ಗಳ ಫಲಿತಾಂಶಕ್ಕೆ ಹತ್ತಿರ ಬರುತ್ತದೆ ಅಂತ ಸಂಖ್ಯಾಶಾಸ್ತ್ರದ ಕ್ರಮದಿಂದ ಕಂಪ್ಯೂಟರ್‌ನಲ್ಲೇ ಹುಡುಕಿಸಿದರು. 1986ರಲ್ಲಿ ರೂತ್ ಬೋಲ್ಟನ್ ಮತ್ತು ರ‍್ಯಾಂಡಲ್ ಚಾಪ್ಮನ್ ಪ್ರಕಟಿಸಿದ ಸಂಶೋಧನಾ ಬರಹ ಇದಕ್ಕೆ ದಾರಿ ತೋರಿಸಿತ್ತು.

1994ರಲ್ಲಿ ತಮ್ಮ ಕ್ರಮವನ್ನು ಬೆಂಟರ್ ಅವರೇ ಬರೆದು ಪ್ರಕಟಿಸಿದರು. ಅದರ ಮುಖ್ಯ ಮಾತು ಅಹಂಕಾರಕ್ಕೆ ಏಟು ಕೊಡುವಂಥದ್ದು: ತನ್ನ ರೇಟಿಂಗ್ ಒಂದನ್ನೇ ನಂಬಿದರೆ ಸೋಲು. ಜನ ಕಟ್ಟಿದ ಹಣದಿಂದ ಬರುವ ಆಡ್ಸ್‌ನಲ್ಲಿ ರೇಟಿಂಗ್‌ಗೆ ಗೊತ್ತಿಲ್ಲದ ಸುದ್ದಿ ಬಹಳ ಇರುತ್ತದೆ. ಎರಡನ್ನೂ ಬೆರೆಸಿದ ಮೇಲೇ ಲೆಕ್ಕ ಗಟ್ಟಿಯಾದದ್ದು. ವರ್ಷಗಟ್ಟಲೆ ಕೆಲಸ, ದೊಡ್ಡ ಬಂಡವಾಳ, ಮಾಹಿತಿ ತುಂಬಲು ಜನ ಎಲ್ಲವೂ ಹಿಂದೆ ಇತ್ತು. ತಿಂಗಳಿಗೆ 999 ರೂಪಾಯಿ ಕೊಟ್ಟು ಸೇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದು ಇರುವುದಿಲ್ಲ.

ಇಲ್ಲಿ ತೆರಿಗೆ ಲೆಕ್ಕವೇ ಬೇರೆ

ಹಾಂಗ್‌ಕಾಂಗ್‌ನಲ್ಲಿ ‘ವಿನ್’ ಟಿಕೆಟಿನ ಹಣದಲ್ಲಿ ಸುಮಾರು ಶೇ. 17.5 ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಭಾರತದಲ್ಲಿ ಕ್ಲಬ್‌ನ ಪಾಲು ಹೋಗಲಿ, 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40.

ಮೇಲಿನ ಲಾಭದ ಲೆಕ್ಕಕ್ಕೇ ಇದನ್ನು ಸೇರಿಸಿ ನೋಡಿ. 100ರ ಪಣಕ್ಕೆ ತೆರಿಗೆ ಮೇಲಿಂದ ಕೊಡುವುದಾದರೆ ಕೈಯಿಂದ ಹೋಗುವುದು 140. ನೂರು ರೇಸಿಗೆ 14,000. ಬಂದದ್ದು 11,200. 1,200 ಲಾಭ ಇದ್ದದ್ದು 2,800 ನಷ್ಟವಾಯ್ತು. ಅಸಲು ಹುಟ್ಟಬೇಕಾದರೂ ಪ್ರತಿ ಗೆಲುವಿಗೆ ಸರಾಸರಿ 500 ಬರಬೇಕು. ಇದರ ಮೇಲೆ ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ, 10,000 ದಾಟಿದ ಗೆಲುವಿಗೆ ಕೊಡುವಾಗಲೇ ಮುರಿದುಕೊಳ್ಳುತ್ತಾರೆ. ಪಣ ಕಟ್ಟಿ ಸೋತದ್ದನ್ನು ಗೆದ್ದದ್ದರಲ್ಲಿ ಕಳೆದು ತೋರಿಸಲೂ ಆಗದು.

ಕಾನೂನಿನ ಮಾತೂ ಇದೆ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಬೆಂಗಳೂರು, ಮೈಸೂರಿನಂಥ ಪರವಾನಗಿ ಇರುವ ರೇಸ್‌ಕೋರ್ಸ್‌ನ ನಿಗದಿತ ಜಾಗದಲ್ಲಿ ಕಟ್ಟೋದಕ್ಕೆ ಅದು ಸಲ್ಲುತ್ತದೆ. ಪೇಟೆ ಬೀದಿಯಲ್ಲಿ ಚೀಟಿ ಬರೆದುಕೊಳ್ಳುವ ಬುಕ್ಕಿ ಹತ್ತಿರ ಕಟ್ಟಿದರೆ ಕರ್ನಾಟಕ ಪೊಲೀಸ್ ಕಾಯ್ದೆ ಪ್ರಕಾರ ಅದು ಜೂಜೇ. ಅಲ್ಲಿ ತೆರಿಗೆ ಇಲ್ಲ ಅಂತ ಹೋದವರಿಗೆ ಗೆದ್ದ ಹಣ ಕೊಡದಿದ್ದರೆ ಕೇಳಲು ಬಾಯಿಯೂ ಇಲ್ಲ.

‘ಮೊನ್ನೆ ಹೇಳಿದ್ದು ಬಂತಲ್ಲ’ ಅನ್ನೋರಿಗೆ

ಒಂದು ಹಳೇ ಕೈಚಳಕ ತಿಳಿದಿರಲಿ. 800 ಜನರ ನಂಬರ್ ಇರುವವನು 8 ಕುದುರೆಯ ರೇಸಿಗೆ ನೂರು ನೂರು ಜನಕ್ಕೆ ಒಂದೊಂದು ಕುದುರೆ ಹೇಳುತ್ತಾನೆ. ಯಾವುದು ಗೆದ್ದರೂ ನೂರು ಜನಕ್ಕೆ ‘ಸರಿಯಾಗಿ’ ಹೇಳಿದಂತಾಯ್ತು. ಆ ನೂರು ಜನಕ್ಕೆ 10 ಕುದುರೆಯ ಮುಂದಿನ ರೇಸಿನಲ್ಲಿ ಹತ್ತು ಹತ್ತಾಗಿ ಹಂಚಿದರೆ, ಹತ್ತು ಜನಕ್ಕೆ ಸತತ ಎರಡು ಸಲ ಸರಿ. ಆ ಹತ್ತು ಜನ ಸಾಲ ಮಾಡಿಯಾದರೂ ಮೂರನೆಯದಕ್ಕೆ ಫೀಸು ಕಟ್ಟುತ್ತಾರೆ. ಉಳಿದ 790 ಜನರ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ.

ರೇಟಿಂಗ್ ಮಾರಲು ಬಂದವರಿಗೆ ಕೇಳಬೇಕಾದ್ದು ಇಷ್ಟು:

1. ಯಾವ ಯಾವ ಅಂಶ, ಯಾವುದಕ್ಕೆ ಎಷ್ಟು ಪಾಲು?
2. ಪಾಲು ನಿಗದಿ ಮಾಡಿದ ರೇಸ್‌ಗಳು ಬೇರೆ, ಪರೀಕ್ಷೆ ಮಾಡಿದ ರೇಸ್‌ಗಳು ಬೇರೆಯೇ?
3. ಎಷ್ಟು ರೇಸಿನ ಲೆಕ್ಕ? ಹತ್ತೋ, ಸಾವಿರವೋ?
4. ಸೋತ ಟಿಪ್‌ಗಳ ಪಟ್ಟಿ ಎಲ್ಲಿದೆ?
5. ತೆರಿಗೆ ಸೇರಿಸಿದ ಮೇಲೆ ಉಳಿಯೋದು ಎಷ್ಟು?
6. ಇಷ್ಟು ಲಾಭ ಬರುವ ರೇಟಿಂಗ್ ಇದ್ದರೆ ಮಾರೋದು ಯಾಕೆ?

ಆರನೆಯದಕ್ಕೆ ಸರಿಯಾದ ಉತ್ತರ ಕೊಟ್ಟವರು ಅಪರೂಪ.

ಲೆಕ್ಕ ಕಲಿಯುವ ಆಸೆ ಇದ್ದವರು ಕಲಿಯಲಿ. ಪದವಿ ಕಾಲೇಜಿನ ಹುಡುಗರು ಎಕ್ಸೆಲ್‌ನಲ್ಲಿ ಹಳೇ ರೇಸ್ ಫಲಿತಾಂಶ ಹಾಕಿ ರೇಟಿಂಗ್ ಕಟ್ಟಿ ನೋಡಿದರೆ, ಒಂದು ಪೈಸೆ ಕಟ್ಟದೆ ಸರಾಸರಿ, ಸಾಧ್ಯತೆ, ಪರೀಕ್ಷೆ ಎಲ್ಲವೂ ಕೈಗೆ ಹತ್ತುತ್ತದೆ. ಬ್ಯಾಂಕು ಸಾಲ ಕೊಡುವಾಗ ನೋಡುವ ಕ್ರೆಡಿಟ್ ಸ್ಕೋರ್ ಕೂಡ ಇದೇ ಜಾತಿಯ ಲೆಕ್ಕ. ಆ ವಿದ್ಯೆ ಅಂಗಡಿಯ ಉದ್ರಿ ಪುಸ್ತಕಕ್ಕೇ ಹಾಕಿದರೆ ಬರಬೇಕಾದ ಬಾಕಿ ಎಷ್ಟು ಬರುತ್ತದೆ ಅನ್ನೋದು ಮೊದಲೇ ಗೊತ್ತಾಗುತ್ತದೆ. ಅಲ್ಲಿ ಶೇ. 40 ಜಿಎಸ್‌ಟಿಯೂ ಇಲ್ಲ.

ಗಮನಿಸಿ: ಟಿಪ್ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪಣ ಬಿಡಲಾಗದೆ ಮನೆಯಲ್ಲಿ ಜಗಳ, ಸಾಲ, ನಿದ್ದೆಗೇಡು ಶುರುವಾಗಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.